ಹಳದಿಯಾಗದ ನಳಿಕೆ

ಜೀವರಸಾಯನಶಾಸ್ತ್ರವನ್ನು ಸೊಗಸಾಗಿ ಕಲಿಸಿದವರು ನಮ್ಮಲ್ಲಿ ಹಲವರಿದ್ದಾರೆ. ಗ್ರಂಥ ಬರೆದವರಿದ್ದಾರೆ, ಪ್ರಶಸ್ತಿ ಪಡೆದವರಿದ್ದಾರೆ. ಆದರೆ ತಾವು ಮಾಡಿದ ತಪ್ಪೊಂದನ್ನೇ ಪಾಠವಾಗಿಸಿ, ಅದನ್ನು ಪ್ರತಿ ವರ್ಷ ಹೊಸ ತರಗತಿಯೆದುರು ನಿಂತು, ದನಿ ತಗ್ಗಿಸದೆ, ಒಂದು ಪದವನ್ನೂ ಬಿಡದೆ ಓದಿ ಹೇಳಿದವರು ಇವರೊಬ್ಬರೇ. ಮೂವತ್ತನಾಲ್ಕು ವರ್ಷಗಳ ಅಧ್ಯಾಪನದ ನಂತರ ಈ ತಿಂಗಳು ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿಯವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ 'ಕಿಣ್ವಮ್ಮ' ಎಂದು ಕರೆಯುತ್ತ ಬಂದರು. ಅದು ತಮಗೆ ಗೊತ್ತಿಲ್ಲವೆಂಬಂತೆ ಅವರು ಹತ್ತು ವರ್ಷ ನಟಿಸಿದರು; ಹನ್ನೊಂದನೆಯ ವರ್ಷ ಹಾಜರಿ ಪುಸ್ತಕದ ಹೊದಿಕೆಯ ಮೇಲೆ ತಾವೇ ಆ ಹೆಸರನ್ನು ಬರೆದುಕೊಂಡರು. ಈ ಲೇಖನದಲ್ಲೂ ಆ ಹೆಸರೇ ಇರಲಿ.

ಕಿಣ್ವಮ್ಮ ಸೇವೆಗೆ ಸೇರಿದಾಗ ವಿಭಾಗವೆಂದರೆ ಎರಡನೆಯ ಮಹಡಿಯ ಒಂದು ಉದ್ದ ಕೋಣೆ. ಎರಡು ಸಾಲು ಮೇಜು, ಹದಿನಾರು ಸ್ಟೂಲು, ಸದಾ ತೊಟ್ಟಿಕ್ಕುವ ಒಂದು ನಲ್ಲಿ, ಮುಚ್ಚಳ ಸರಿಯಾಗಿ ಕೂರದ ಒಂದು ಬಿಸಿನೀರಿನ ತೊಟ್ಟಿ. ಮೊದಲ ದಿನ ಅವರು ಹಲಗೆಯ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲವಂತೆ. ಮನೆಯಿಂದ ತಂದ ಹಸಿ ಆಲೂಗಡ್ಡೆಯ ಚೂರೊಂದನ್ನು ಹೈಡ್ರೋಜನ್ ಪೆರಾಕ್ಸೈಡ್ ಇದ್ದ ಲೋಟಕ್ಕೆ ಹಾಕಿದರು. ನೊರೆ ಬುಸುಬುಸು ಉಕ್ಕಿ, ಲೋಟ ಮೀರಿ, ಮೇಜಿನ ಮೇಲಿದ್ದ ಸುತ್ತೋಲೆಗಳನ್ನೆಲ್ಲ ತೋಯಿಸಿತು. ಆಮೇಲೆ ಬೇಯಿಸಿದ ಚೂರನ್ನು ಹಾಕಿದರು. ಒಂದು ಗುಳ್ಳೆಯೂ ಏಳಲಿಲ್ಲ. ಹುಳಿದ್ರಾವಣದಲ್ಲಿ ನೆನೆಸಿಟ್ಟ ಮೂರನೆಯ ಚೂರು ಸುಮ್ಮನೆ ಒಂದೆರಡು ಗುಳ್ಳೆ ಬಿಟ್ಟು ಮಲಗಿತು. "ಆಲೂಗಡ್ಡೆ ಒಂದೇ, ಔಷಧ ಒಂದೇ. ಏನು ಬದಲಾಯ್ತು ಹೇಳಿ, ಆಮೇಲೆ ಪುಸ್ತಕ ತೆಗೆಯೋಣ," ಎಂದರು.

ಅವರ ಪಾಠದ ರೀತಿಯೇ ಹಾಗೆ. ಕಿಣ್ವ ಎಂದರೆ ಮೈಯೊಳಗಿನ ಕೆಲಸಗಾರ. ಇಲ್ಲದ್ದನ್ನು ಹುಟ್ಟಿಸುವುದಿಲ್ಲ, ಹೇಗೂ ಆಗಬಹುದಾದದ್ದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಸುತ್ತದೆ, ತಾನು ಮಾತ್ರ ಸವೆಯದೆ ಮುಂದಿನ ಕೆಲಸಕ್ಕೆ ಸಿದ್ಧವಾಗುತ್ತದೆ. ಅದರ ಮೈಯಲ್ಲೊಂದು ಗುಳಿಯಿದೆ. ತನಗೆ ತಕ್ಕ ವಸ್ತು ಬಂದು ಅಲ್ಲಿ ಕೂತಾಗ, ಕೈ ತೂರಿಸಿದ ಕೈಗವಸಿನಂತೆ ಆ ಗುಳಿ ಬಿಗಿಯಾಗಿ ಹೊಂದಿಕೊಳ್ಳುತ್ತದೆ. ಕಾವು ಏರಿದರೆ ಕೆಲಸ ಚುರುಕಾಗುತ್ತದೆ, ಅತಿಯಾದರೆ ಗುಳಿಯ ಆಕಾರವೇ ಕೆಟ್ಟು ಕೆಲಸ ನಿಲ್ಲುತ್ತದೆ. ಬಾಯಿಯ ಕಿಣ್ವ ಹೊಟ್ಟೆಯ ಹುಳಿಯಲ್ಲಿ ಸೋಲುತ್ತದೆ, ಹೊಟ್ಟೆಯದು ಆ ಹುಳಿಯಿಲ್ಲದೆ ಏಳುವುದೇ ಇಲ್ಲ. ವಸ್ತುವನ್ನು ಹೆಚ್ಚಿಸುತ್ತ ಹೋದರೆ ಕೆಲಸವೂ ಹೆಚ್ಚುತ್ತಲೇ ಹೋಗುತ್ತದೆಯೇ ಎಂದು ಯಾರಾದರೂ ಕೇಳಿದರೆ, "ಇರೋದೊಂದೇ ಟಿಕೆಟ್ ಕಿಟಕಿ. ಸಾಲು ಬೀದಿ ತನಕ ಬೆಳೆದ್ರೆ ಟಿಕೆಟ್ ಬೇಗ ಬರುತ್ತೇನಪ್ಪ?" ಎನ್ನುತ್ತಿದ್ದರು. ತಡೆವಸ್ತುಗಳ ಪಾಠಕ್ಕೆ ಬಂದಾಗ, ಆ ಕಿಟಕಿಗೆ ಅಡ್ಡ ನಿಂತು ಹರಟೆ ಹೊಡೆಯುವವನ ಅಭಿನಯವನ್ನು ತಾವೇ ಮಾಡುತ್ತಿದ್ದರು.

ನಾಲಗೆ ತೊದಲುತ್ತಿದ್ದ ವಿದ್ಯಾರ್ಥಿಯೊಬ್ಬನ ಮೌಖಿಕ ಪರೀಕ್ಷೆಯನ್ನು ಅವರು ಕಾಗದದ ಮೇಲೆ, ತಾವೂ ಬರೆದು ಅವನಿಂದಲೂ ಬರೆಸಿ ನಡೆಸಿದರು. ರಕ್ತ ಕಂಡರೆ ಕುಸಿಯುತ್ತಿದ್ದ ಹುಡುಗಿಯ ಪಕ್ಕ ಕೂತು ಮೊದಲು ತಮ್ಮ ತೋಳನ್ನೇ ಮುಂದೆ ಚಾಚಿದರು. ಇಷ್ಟೆಲ್ಲ ಮೆದುವಾಗಿದ್ದ ಮನಸ್ಸು ಒಂದು ಕಡೆ ಮಾತ್ರ ಕಲ್ಲಾಗಿತ್ತು. ಪ್ರಯೋಗ ಕೆಟ್ಟರೆ ಅದು ಮಾಡಿದವರ ತಪ್ಪು ಎಂಬುದು ಅವರ ಅಚಲ ನಂಬಿಕೆ. ಕೆಟ್ಟ ಫಲಿತಾಂಶದ ಕೆಳಗೆ ಅವರ ಕೆಂಪು ಶಾಯಿ ಒಂದೇ ಪದ ಬರೆಯುತ್ತಿತ್ತು: ಅಲಕ್ಷ್ಯ.

ಹನ್ನೆರಡನೆಯ ವರ್ಷದ ಒಂದು ಬೆಳಿಗ್ಗೆ ಆ ನಂಬಿಕೆ ಮುರಿದುಬಿತ್ತು. ಅಂದಿನ ಸಂಗತಿಯನ್ನು ಕಿಣ್ವಮ್ಮ ಹೇಳಿದ್ದನ್ನೂ, ಜೊತೆಗಿದ್ದ ವಿಭಾಗದ ಅಟೆಂಡರ್ ಕಂಡದ್ದನ್ನೂ ಕೂಡಿಸಿ ಇಲ್ಲಿ ಬರೆದಿದೆ.

ಪ್ರಯೋಗ ಶುರುವಾಗುವ ಮುಂಚೆ ವಿದ್ಯಾರ್ಥಿನಿಯೊಬ್ಬಳು ರಜೆ ಚೀಟಿ ಹಿಡಿದು ಬಂದಳು. ಅವಳ ಬರವಣಿಗೆ ಮುತ್ತು ಪೋಣಿಸಿದಂತಿದ್ದುದರಿಂದ ಗೆಳತಿಯರು ಅವಳನ್ನು 'ದುಂಡಕ್ಷರ' ಎನ್ನುತ್ತಿದ್ದರು.

"ಮೇಡಂ, ಅಕ್ಕನಿಗೆ ಇವತ್ತು ಟಾನ್ಸಿಲ್ ಆಪರೇಷನ್. ಹತ್ತೂವರೆಗೆ ಒಳಗೆ ಕರ್ಕೊಂಡು ಹೋಗ್ತಾರಂತೆ. ಅಪ್ಪ ಒಬ್ರೇ ಇದಾರೆ..."

"ಸಣ್ಣ ಆಪರೇಷನ್ನು ತಾನೇ? ಪ್ರಯೋಗ ಮುಗಿಸಿ ಹೋಗು. ಈ ವಾರ ತಪ್ಪಿದ್ರೆ ಮತ್ತೆ ಪ್ರಯೋಗದ ಔಷಧ ಬರೋದು ಮುಂದಿನ ವರ್ಷವೇ," ಎಂದು ಕಿಣ್ವಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೊಂದು ಖಾಲಿ ಶೀಶೆ ಇಟ್ಟರು.

ಅಂದಿನ ಪ್ರಯೋಗ ರಕ್ತದಲ್ಲಿರುವ ಒಂದು ಕಿಣ್ವದ ಅಳತೆ. ಕೀಟನಾಶಕ ಮೈಗೇರಿದವರಲ್ಲಿ ಈ ಕಿಣ್ವ ಕುಗ್ಗುವುದರಿಂದ ಆಸ್ಪತ್ರೆಗಳಲ್ಲಿ ಇದನ್ನು ಅಳೆಯುವ ರೂಢಿಯಿದೆ. ಪ್ರತಿಯೊಬ್ಬರೂ ತಮ್ಮ ರಕ್ತದಿಂದ ಬೇರ್ಪಡಿಸಿದ ತಿಳಿಯನ್ನು, ಅಂದರೆ ಸೀರಮ್ ಅನ್ನು, ನಳಿಕೆಗೆ ಹಾಕಿ, ಔಷಧ ಬೆರೆಸಿ, ಮೈ ಬಿಸಿಯಷ್ಟೇ ಬಿಸಿಯಿರುವ ನೀರಿನ ತೊಟ್ಟಿಯಲ್ಲಿ ಇಡಬೇಕು. ಕಿಣ್ವ ಕೆಲಸ ಮಾಡಿದಷ್ಟೂ ನಳಿಕೆ ಹಳದಿಯಾಗುತ್ತದೆ. ಹದಿನಾರು ನಳಿಕೆಗಳಲ್ಲಿ ಹದಿನೈದು ನಿಂಬೆ ಬಣ್ಣಕ್ಕೆ ತಿರುಗಿದವು. ದುಂಡಕ್ಷರದ್ದು ಮಾತ್ರ ನೀರಿನಂತೆ ನಿಂತಿತ್ತು.

"ಇವಳ ಮೈಯಲ್ಲಿ ಹರಿಯೋದು ನಲ್ಲಿ ನೀರೇ ಇರ್ಬೇಕು ಮೇಡಂ," ಎಂದು ಯಾರೋ ಅಂದು ಎಲ್ಲರೂ ನಕ್ಕರು.

"ಮನಸ್ಸು ಆಸ್ಪತ್ರೇಲಿದ್ರೆ ಕೈ ಇನ್ನೇನು ಮಾಡುತ್ತೆ? ಮತ್ತೆ ಮಾಡು," ಎಂದರು ಕಿಣ್ವಮ್ಮ.

ಹುಡುಗಿ ಮತ್ತೆ ಮಾಡಿದಳು. ಮತ್ತೆ ನೀರು. ಗಡಿಯಾರ ನೋಡಿ ಅವಳ ಕಣ್ಣು ತುಂಬಿತು. ಕಿಣ್ವಮ್ಮ ಕೋಪದಿಂದಲೇ ಸೆರಗು ಸಿಕ್ಕಿಸಿಕೊಂಡು, "ಸರಿ, ಇತ್ತ ಕೊಡು, ನಾನೇ ಮಾಡ್ತೀನಿ," ಎಂದು ಕೂತರು. ತೊಟ್ಟಿಯ ಕಾವು ನೋಡಿದರು, ಮೂವತ್ತೇಳು ಡಿಗ್ರಿ ಸರಿಯಾಗಿತ್ತು. ದ್ರಾವಣದ ಹುಳಿ-ಕ್ಷಾರದ ಮಟ್ಟ ನೋಡಿದರು, ಸರಿಯಾಗಿತ್ತು. ಔಷಧ ಹಳೆಯದಾಗಿರಬಹುದೆಂದರೆ, ಅದೇ ಶೀಶೆಯಿಂದ ತೆಗೆದದ್ದು ಉಳಿದ ಹದಿನೈದರಲ್ಲಿ ಕೆಲಸ ಮಾಡಿತ್ತು. ನಳಿಕೆಯಲ್ಲಿ ಸೋಪು ಉಳಿದಿರಬಹುದೆಂದು ಹೊಸ ನಳಿಕೆ ತೆಗೆದರು. ಹುಡುಗಿಯ ತೋಳಿನಿಂದ ತಾವೇ ಹೊಸದಾಗಿ ರಕ್ತ ತೆಗೆದರು. ಹತ್ತು ನಿಮಿಷ ಕಾದರು. ನಳಿಕೆ ಬೆಳಕಿನಲ್ಲಿ ಸ್ವಚ್ಛವಾಗಿ, ಖಾಲಿಯಾಗಿ ನಿಂತಿತ್ತು.

ತಮ್ಮ ಕೈಯಿಂದಲೇ ಕೆಟ್ಟ ಪ್ರಯೋಗವನ್ನು ಅವರು ಅಂದು ಮೊದಲ ಬಾರಿಗೆ ನೋಡಿದರು.

"ಮನೆಯಲ್ಲಿ ಇರುವೆ ಔಷಧ, ತಿಗಣೆ ಔಷಧ ಏನಾದ್ರೂ ಹೊಡೆದಿದ್ರಾ?"

"ಇಲ್ಲ ಮೇಡಂ."

ಈಗ ಉಳಿದದ್ದು ಒಂದೇ ಪರೀಕ್ಷೆ. ಅವಳ ರಕ್ತದಲ್ಲಿ ಕಿಣ್ವವನ್ನು ತಡೆಯುವ ವಸ್ತು ಸೇರಿದ್ದರೆ ಅದು ಬೇರೆಯವರ ಕಿಣ್ವವನ್ನೂ ತಡೆಯಬೇಕು. ಕಿಣ್ವಮ್ಮ ಅವಳ ರಕ್ತದ ತಿಳಿಯನ್ನು ಪಕ್ಕದವಳ ತಿಳಿಯೊಂದಿಗೆ ಸಮಸಮ ಬೆರೆಸಿದರು. ನಳಿಕೆ ಹಳದಿಯಾಯಿತು. ಅಳೆದಾಗ ಬಣ್ಣ ಪಕ್ಕದವಳ ನಳಿಕೆಯ ಸರಿಯಾಗಿ ಅರ್ಧದಷ್ಟಿತ್ತು, ಅದಕ್ಕಿಂತ ಕಡಿಮೆಯೂ ಇಲ್ಲ, ಹೆಚ್ಚೂ ಇಲ್ಲ. ಎಂದರೆ ತಡೆಯುವ ವಸ್ತು ಯಾವುದೂ ಇರಲಿಲ್ಲ. ಕಾವಿನ ತಪ್ಪಲ್ಲ, ಹುಳಿಯ ತಪ್ಪಲ್ಲ, ಔಷಧದ ತಪ್ಪಲ್ಲ, ಹುಡುಗಿಯ ತಪ್ಪಂತೂ ಅಲ್ಲವೇ ಅಲ್ಲ. ಆ ಕಿಣ್ವವೇ ಅವಳ ಮೈಯಲ್ಲಿ ಇರಲಿಲ್ಲ. ಹುಟ್ಟಿನಿಂದಲೇ ಇರಲಿಲ್ಲ.

ಕಿಣ್ವಮ್ಮನವರಿಗೆ ಮೊದಲು ಆದದ್ದು ಸಂತೋಷ. ಪುಸ್ತಕದ ಅಡಿಟಿಪ್ಪಣಿಯಲ್ಲಷ್ಟೇ ಓದಿದ್ದ ವಿರಳ ಸಂಗತಿಯೊಂದು ಕಣ್ಣೆದುರಿಗೆ ಬಂದು ನಿಂತಿತ್ತು. ಈ ಕಿಣ್ವ ಇಲ್ಲದವರು ಉಳಿದವರಂತೆಯೇ ಉಣ್ಣುತ್ತಾರೆ, ಓಡುತ್ತಾರೆ, ಮುದುಕರಾಗುತ್ತಾರೆ. ಅದರ ಅಗತ್ಯ ಅವರಿಗೆ ಜೀವಮಾನದಲ್ಲಿ ಬೀಳುವುದೇ ಇಲ್ಲ, ಒಂದು ಸಂದರ್ಭದ ಹೊರತು. ಆ ಸಂದರ್ಭ ಯಾವುದೆಂದು ನೆನಪಾದ ಗಳಿಗೆಯಲ್ಲೇ ಅವರ ಕಣ್ಣು ಮೇಜಿನ ಮೇಲಿನ ರಜೆ ಚೀಟಿಯ ಮೇಲೆ ಬಿತ್ತು.

ಶಸ್ತ್ರಚಿಕಿತ್ಸೆಗೆ ಮುನ್ನ ಗಂಟಲಿಗೆ ಉಸಿರಿನ ನಳಿಗೆ ಇಳಿಸಲು, ಮೈಯ ಸ್ನಾಯುಗಳನ್ನೆಲ್ಲ ಒಮ್ಮೆಗೇ ಸಡಿಲಿಸುವ ಒಂದು ಚುಚ್ಚುಮದ್ದು ಕೊಡುತ್ತಾರೆ. ಉಸಿರಾಟವೂ ನಿಲ್ಲುತ್ತದೆ. ಐದು ನಿಮಿಷದಲ್ಲಿ ಈ ಕಿಣ್ವ ಆ ಮದ್ದನ್ನು ಒಡೆದುಹಾಕುತ್ತದೆ, ಮನುಷ್ಯ ಮತ್ತೆ ಉಸಿರೆಳೆಯುತ್ತಾನೆ. ಕಿಣ್ವ ಇಲ್ಲದವರಲ್ಲಿ ಅದನ್ನು ಒಡೆಯುವವರೇ ಇಲ್ಲ. ಅಂಥ ಕೊರತೆ ರಕ್ತಸಂಬಂಧದಲ್ಲಿ, ತಾಯಿ ತಂದೆ ಇಬ್ಬರಿಂದಲೂ ಒಂದೊಂದು ಪಾಲಾಗಿ, ಇಳಿದು ಬರುತ್ತದೆ.

"ನಿಮ್ಮ ಮನೆಯಲ್ಲಿ ಹಿಂದೆ ಯಾರಿಗಾದ್ರೂ ಆಪರೇಷನ್ ಆಗಿತ್ತೇನಮ್ಮ?" ಎಂದು ಕೇಳಿದರು.

ಹುಡುಗಿ ತಲೆ ತಗ್ಗಿಸಿದಳು. "ಅಮ್ಮನಿಗೆ ಆಗಿತ್ತು ಮೇಡಂ. ಅಪೆಂಡಿಕ್ಸು. ನನಗಾಗ ಹತ್ತು ವರ್ಷ. ಒಳಗೆ ಹೋದವಳು ಎದ್ದು ಬರ್ಲಿಲ್ಲ."

ಗಂಟೆ ಹನ್ನೊಂದಾಗಿತ್ತು. ಆಫೀಸಿನ ಫೋನಿನಲ್ಲಿ ಆಸ್ಪತ್ರೆಯ ಆಪರೇಟರ್, "ಥಿಯೇಟರಿಗೆ ಲೈನ್ ಕೊಡೋ ಹಾಗಿಲ್ಲ," ಎಂದಳು. ಎರಡನೆಯ ಸಲ ಫೋನೆತ್ತಿದವಳು ಅದನ್ನೂ ಹೇಳದೆ ಇಟ್ಟಳು. ಕಿಣ್ವಮ್ಮ ಹುಡುಗಿಯ ಕೈ ಹಿಡಿದು ಮೆಟ್ಟಿಲಿಳಿದರು. ಅಟೆಂಡರ್ ತನ್ನ ಸ್ಕೂಟರಿನಲ್ಲಿ ಮೇಡಂ ಅವರನ್ನು ಕೂರಿಸಿಕೊಂಡ; ಹುಡುಗಿಯನ್ನು ಸಹಪಾಠಿಯೊಬ್ಬಳು ಹಿಂದೆಯೇ ಕರೆತಂದಳು. "ಅಷ್ಟು ವರ್ಷದಲ್ಲಿ ಮೇಡಂ 'ನಿಧಾನ ಹೋಗಪ್ಪ' ಅನ್ನದ ದಿನ ಅದೊಂದೇ," ಎಂದು ಅಟೆಂಡರ್ ಇಂದಿಗೂ ಹೇಳುತ್ತಾನೆ.

ಥಿಯೇಟರಿನ ಮುಂದಿನ ಬೆಂಚಿನಲ್ಲಿ ಹುಡುಗಿಯ ತಂದೆ ಕೂತಿದ್ದರು. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದ ಮನುಷ್ಯ, ಕೈಗಡಿಯಾರವನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದರು. "ಅರ್ಧ ಗಂಟೆ ಅಂದಿದ್ರು. ಒಂದೂವರೆ ಗಂಟೆ ಆಗ್ತಾ ಬಂತು. ಯಾರೂ ಏನೂ ಹೇಳ್ತಿಲ್ಲ," ಎಂದರು.

"ನಿಮ್ಮ ಹೆಂಡತಿ ವಿಚಾರ ಡಾಕ್ಟರಿಗೆ ಹೇಳಿದ್ರಾ?"

ಅವರು ಮುಖ ತಿರುಗಿಸಿದರು. "ಅದು ಕಾಯಿಲೆ ಅಲ್ಲ ಮೇಡಂ. ಅವಳ ತಮ್ಮನ ಕೈತಪ್ಪು. ಅವನೇ ಮತ್ತು ಬರೋ ಔಷಧ ಕೊಟ್ಟದ್ದು. ಅದನ್ನೇಕೆ ಇಲ್ಲಿ ಹೇಳ್ಲಿ?"

ಕಿಣ್ವಮ್ಮ ಬಾಗಿಲು ತಳ್ಳಿ ನಡೆದರು. ಅಡ್ಡ ಬಂದ ನರ್ಸಿಗೆ, "ಒಳಗಿರೋ ಹುಡುಗಿ ಏಳ್ತಿಲ್ಲ ಅಲ್ವಾ? ಯಾಕೆ ಅಂತ ನನಗೆ ಗೊತ್ತು," ಎಂದರು. ನರ್ಸ್ ಅವರ ಮುಖವನ್ನೊಮ್ಮೆ ನೋಡಿ ಒಂದು ಹಸಿರು ಗೌನು ಕೈಗಿತ್ತಳು.

ಒಳಗೆ ಶಸ್ತ್ರಚಿಕಿತ್ಸೆ ಮುಗಿದು ಬಹಳ ಹೊತ್ತಾಗಿತ್ತು. ಮೇಜಿನ ಮೇಲೆ ಅಕ್ಕ ಬೊಂಬೆಯಂತೆ ಮಲಗಿದ್ದಳು, ರೆಪ್ಪೆಗಳಿಗೆ ಟೇಪು ಅಂಟಿಸಿತ್ತು. ಯುವ ಅರಿವಳಿಕೆ ವೈದ್ಯನೊಬ್ಬ ಕೈಯಿಂದ ಚೀಲ ಒತ್ತೊತ್ತಿ ಉಸಿರು ತುಂಬುತ್ತಿದ್ದ. ಅವನ ಅಂಗಿಯೆಲ್ಲ ಬೆವರು. ಹಿರಿಯ ಶಸ್ತ್ರವೈದ್ಯರು ಅವನ ಮೇಲೆ ಹರಿಹಾಯುತ್ತಿದ್ದರು. "ಮೆದುಳಿಗೇ ಏನೋ ಆಗಿದೆ. ನೀನೇ ಜಾಸ್ತಿ ಕೊಟ್ಟಿದೀಯ!"

"ಜಾಸ್ತಿ ಕೊಟ್ಟಿಲ್ಲ ಸಾರ್. ನಿದ್ದೆ ಔಷಧ ನಿಲ್ಲಿಸಿ ನಲವತ್ತು ನಿಮಿಷ ಆಯ್ತು. ಒಂದು ಬೆರಳೂ ಆಡ್ತಿಲ್ಲ."

ಕಿಣ್ವಮ್ಮ ಬಾಗಿಲಲ್ಲೇ ನಿಂತು ಹೇಳಿದರು. "ಇವಳ ತಂಗಿ ರಕ್ತದಲ್ಲಿ ಆ ಮದ್ದು ಒಡೆಯೋ ಕಿಣ್ವ ಇಲ್ಲ. ಈಗಷ್ಟೇ ಅಳೆದು ಬಂದೆ. ಇವಳಲ್ಲೂ ಇಲ್ಲ ಅಂತ ಕಾಣುತ್ತೆ. ಮೆದುಳಿಗೆ ಏನೂ ಆಗಿಲ್ಲ. ನೀವು ಉಸಿರು ಕೊಡ್ತಾ ಇರಿ, ಮದ್ದು ತಾನಾಗಿ ಮೈಯಿಂದ ಇಳಿಯುತ್ತೆ. ಗಂಟೆಗಟ್ಟಲೆ ಹಿಡಿಬಹುದು. ಗಂಟಲಿನ ನಳಿಗೆ ಮಾತ್ರ ತೆಗೀಬೇಡಿ."

ಯುವ ವೈದ್ಯನ ಕೈ ಚೀಲದ ಮೇಲೆ ಒಂದು ಕ್ಷಣ ನಿಂತು ಮತ್ತೆ ಒತ್ತತೊಡಗಿತು. "ಓದಿದೀನಿ," ಎಂದ ಪಿಸುಗುಟ್ಟಿ. "ಪರೀಕ್ಷೆಗೆ ಓದಿದ್ದೆ. ಕಣ್ಣಾರೆ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ."

ಆಗ ಕಿಣ್ವಮ್ಮನವರಿಗೆ ಹೊಳೆದದ್ದನ್ನು ನೆನೆದರೆ ಈಗಲೂ ಅವರ ತೋಳಿನ ರೋಮ ನಿಲ್ಲುತ್ತದಂತೆ. ನಿದ್ದೆಯ ಔಷಧ ನಿಲ್ಲಿಸಿ ನಲವತ್ತು ನಿಮಿಷ. ಸ್ನಾಯು ಸಡಿಲಿಸುವ ಮದ್ದು ಮನಸ್ಸನ್ನು ಮಲಗಿಸುವುದಿಲ್ಲ.

"ಡಾಕ್ಟ್ರೇ," ಎಂದರು, "ಈ ಹುಡುಗಿ ಎಚ್ಚರವಾಗಿದಾಳೆ. ಇವಳಿಗೆ ಕೇಳಿಸ್ತಿದೆ."

ಶಸ್ತ್ರವೈದ್ಯರು ಬಾಯಿಗೆ ಕೈಯಿಟ್ಟುಕೊಂಡರು. ನರ್ಸು ಮೆಲ್ಲಗೆ ರೆಪ್ಪೆಯ ಟೇಪು ಬಿಡಿಸಿದಳು. ತೆರೆದ ಕಣ್ಣು ಎಲ್ಲಿಯೂ ಹೊರಳಲಿಲ್ಲ, ಮಿಟುಕಲಿಲ್ಲ. ಅದರ ಅಂಚಿನಿಂದ ನೀರು ಮಾತ್ರ ಕಿವಿಯ ಕಡೆಗೆ ಇಳಿಯುತ್ತಿತ್ತು. ಯುವ ವೈದ್ಯ ಒಂದೇ ಕೈಯಲ್ಲಿ ಚೀಲ ಒತ್ತುತ್ತ ಮತ್ತೊಂದು ಕೈಯಿಂದ ನಿದ್ದೆಯ ಔಷಧ ಕೊಡುವಷ್ಟರಲ್ಲಿ ಕಿಣ್ವಮ್ಮ ಬಾಗಿ ಅವಳ ಕಿವಿಯಲ್ಲಿ ಹೇಳಿದರು: "ಹೆದರ್ಬೇಡ ಕಂದ. ನೀನು ಸಾಯ್ತಿಲ್ಲ. ಒಂದು ಔಷಧ ನಿನ್ನ ಮೈಯಿಂದ ನಿಧಾನವಾಗಿ ಇಳೀತಿದೆ, ಅಷ್ಟೇ. ನಿನ್ನ ತಂಗಿ ಹೊರಗಿದಾಳೆ. ಈಗ ನಿದ್ದೆ ಮಾಡು."

ಸಂಜೆ ಐದಕ್ಕೆ ಹತ್ತು ನಿಮಿಷವಿದ್ದಾಗ ಅವಳ ಎಡಗೈ ಕಿರುಬೆರಳು ಅಲ್ಲಾಡಿತು. ಆರೂವರೆಯ ಹೊತ್ತಿಗೆ ಅವಳು ತಾನೇ ಉಸಿರೆಳೆದಳು. ಯುವ ವೈದ್ಯ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಕಥೆ ಇಷ್ಟಕ್ಕೇ ಮುಗಿದಿದ್ದರೆ ಇದು ಒಂದು ಸಾಹಸದ ವರ್ಣನೆಯಾಗುತ್ತಿತ್ತು, ಹಾರ ಹಾಕಲು ತಕ್ಕ ಕಾರಣವೂ ಆಗುತ್ತಿತ್ತು. ಆಸ್ಪತ್ರೆಯವರು ಹಾರ ಹಾಕಲು ಬಂದದ್ದೂ ಉಂಟು. ಆದರೆ ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಅಕ್ಕನನ್ನು ನೋಡಲು ಹೋದ ಕಿಣ್ವಮ್ಮ ಅಲ್ಲಿಂದ ಬೇರೆಯೇ ಮನುಷ್ಯರಾಗಿ ಹೊರಬಂದರು.

ಅಕ್ಕ ದಿಂಬಿಗೊರಗಿ ಕೂತಿದ್ದಳು. ಗಂಟಲಿನ್ನೂ ಗಾಯ; ಒಂದೊಂದೇ ಮಾತು. "ಎಲ್ಲ ಕೇಳಿಸ್ತಿತ್ತು ಮೇಡಂ. ಮೆದುಳಿಗೇ ಏನೋ ಆಗಿದೆ ಅಂದದ್ದೂ. ಕೂಗ್ತಾ ಇದ್ದೆ, ನನ್ನೊಳಗೇ. ನಿಮ್ಮ ದನಿ ಕೇಳಿದ್ಮೇಲೆ ಕೂಗೋದು ನಿಲ್ಲಿಸ್ದೆ. ಗುರುತು ಸಿಕ್ತು."

"ನನ್ನ ಗುರುತು ನಿನಗೆ ಹೇಗಮ್ಮ?"

"ನಾಲ್ಕು ವರ್ಷದ ಹಿಂದೆ ನಾನೂ ನಿಮ್ಮ ಸ್ಟೂಡೆಂಟೇ. ಒಂದು ವರ್ಷ ಓದಿ ಬಿಟ್ಟೆ." ಅವಳು ನೀರು ಗುಟುಕರಿಸಿದಳು. ದನಿಯಲ್ಲಿ ಆಪಾದನೆ ಇರಲಿಲ್ಲ. ಆ ಸಂಗತಿ ತನಗೂ ಈಗಷ್ಟೇ ಅರ್ಥವಾಗುತ್ತಿದೆಯೆಂಬ ಬೆರಗಿತ್ತು. "ನನ್ನ ನಳಿಕೆಯೂ ಹಳದಿ ಆಗಿರ್ಲಿಲ್ಲ ಮೇಡಂ. ಮೂರು ಸಲ ಮಾಡಿದ್ದೆ. ನೀವು ಅಲಕ್ಷ್ಯ ಅಂತ ಬರೆದಿದ್ರಿ."

ಕಿಣ್ವಮ್ಮ ಮಂಚದ ಕಂಬಿ ಹಿಡಿದುಕೊಂಡರು. ವಿಭಾಗಕ್ಕೆ ಬಂದು, ಬೀರುವಿನ ತಳದಲ್ಲಿ ಕಟ್ಟಿಟ್ಟಿದ್ದ ಹಳೆಯ ದಾಖಲೆ ಪುಸ್ತಕಗಳನ್ನು ನೆಲದ ಮೇಲೆ ಹರಡಿ ಹುಡುಕಿದರು. ಪುಟ ಸಿಕ್ಕಿತು. ಮೂರು ಸಾಲು, ಮೂರು ಸೊನ್ನೆ, ಕೆಳಗೆ ತಮ್ಮದೇ ಕೆಂಪು ಶಾಯಿ. ಆ ಹುಡುಗಿಯ ಜೀವ ಹೋಗುವ ದಾರಿ ಯಾವುದೆಂದು ನಾಲ್ಕು ವರ್ಷದ ಹಿಂದೆಯೇ ಅವಳೇ ಅಳೆದು, ಬರೆದು, ಇವರ ಕೈಗೆ ಕೊಟ್ಟಿದ್ದಳು. ಬಾಗಿಲು ತೆರೆದ ಅಟೆಂಡರಿಗೆ ಕಂಡದ್ದು, ಕಾಗದಗಳ ನಡುವೆ ನೆಲದ ಮೇಲೆ ಕೂತು ಗೋಡೆ ನೋಡುತ್ತಿದ್ದ ಮೇಡಂ. "ಏನಾಯ್ತು ಮೇಡಂ?" ಎಂದ. "ಪ್ರಯೋಗ ಸರಿಯಾಗೇ ಇತ್ತಪ್ಪ. ಓದಿದವಳು ಸರಿ ಇರ್ಲಿಲ್ಲ," ಎಂದರು.

ಮುಚ್ಚಿಡಬಹುದಿತ್ತು. ಆ ಪುಟದ ವಿಷಯ ಬಲ್ಲವರು ಇಬ್ಬರೇ. ಮರುದಿನ ಬೆಳಿಗ್ಗೆ ಅವರು ಎಲ್ಲ ತರಗತಿಗಳನ್ನೂ ಸಹೋದ್ಯೋಗಿಗಳನ್ನೂ ಕರೆದು ಆ ಪುಟವನ್ನು ಗಟ್ಟಿಯಾಗಿ ಓದಿದರು. "ಇನ್ಮೇಲೆ ಈ ಕೋಣೆಯಲ್ಲಿ ಕೆಟ್ಟ ಪ್ರಯೋಗ ಅನ್ನೋದು ಇಲ್ಲ. ಯಾಕೆ ಹೀಗಾಯ್ತು ಅಂತ ಗೊತ್ತಾಗೋ ತನಕ ಯಾವ ನಳಿಕೆಯನ್ನೂ ತೊಳೆಯೋ ಹಾಗಿಲ್ಲ," ಎಂದರು. ಹಿಂದಿನ ಹನ್ನೆರಡು ವರ್ಷದ ಪುಸ್ತಕಗಳಲ್ಲಿ ಆ ಕೆಂಪು ಪದ ಬಿದ್ದಿದ್ದ ಹತ್ತೊಂಬತ್ತು ಮಂದಿಗೂ ಒಬ್ಬೊಬ್ಬರಿಗೆ ಪತ್ರ ಬರೆದರು. ಹದಿನಾಲ್ವರು ಬಂದು ಮತ್ತೆ ರಕ್ತ ಕೊಟ್ಟರು. ಅವರೆಲ್ಲರ ನಳಿಕೆ ಹಳದಿಯಾಯಿತು. ಹದಿನಾಲ್ಕು ಸಲವೂ ಕಿಣ್ವಮ್ಮ ಉಸಿರು ಬಿಗಿಹಿಡಿದು ಕೂತಿದ್ದರೆಂದು ಪಕ್ಕದಲ್ಲಿದ್ದವರು ಹೇಳುತ್ತಾರೆ.

ಇನ್ನೊಂದು ಕೆಲಸ ಬಾಕಿಯಿತ್ತು. ಅದು ಪ್ರಯೋಗಾಲಯದ್ದಲ್ಲ.

ಅಕ್ಕತಂಗಿಯರ ಸೋದರಮಾವ, ಅವರ ತಾಯಿಯಾದ ತನ್ನ ಸ್ವಂತ ಅಕ್ಕನಿಗೆ ಅರಿವಳಿಕೆ ಕೊಟ್ಟು ಅವಳನ್ನು ಕಳೆದುಕೊಂಡ ಆ ವೈದ್ಯ, ಮರುವಾರವೇ ವೃತ್ತಿ ಬಿಟ್ಟಿದ್ದರು. ಭಾವ, ಅಂದರೆ ಹುಡುಗಿಯರ ತಂದೆ, ಹೆಣದ ಮುಂದೆಯೇ ಅವರ ಕಪಾಳಕ್ಕೆ ಹೊಡೆದು, "ನನ್ನ ಹೊಸ್ತಿಲು ತುಳಿಯಬೇಡ," ಎಂದಿದ್ದರು. ಹನ್ನೊಂದು ವರ್ಷದಿಂದ ಅವರು ಅದೇ ಊರಿನ ಮತ್ತೊಂದು ತುದಿಯಲ್ಲಿ ಕನ್ನಡಕದ ಅಂಗಡಿ ಇಟ್ಟು, ಕತ್ತಲ ಕೋಣೆಯಲ್ಲಿ ಕೂತವರಿಗೆ ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಕೇಳುತ್ತ ಬದುಕಿದ್ದರು.

ಕಿಣ್ವಮ್ಮ ದುಂಡಕ್ಷರವನ್ನು ಕರೆದುಕೊಂಡು ಅಲ್ಲಿಗೆ ಹೋದರು. ಸೋದರಸೊಸೆಯ ಮುಖ ಕಂಡು ಅವರು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟರು. ಕಿಣ್ವಮ್ಮ ನಡೆದದ್ದನ್ನೆಲ್ಲ ಹೇಳಿದರು. ಕೊನೆಗೆ ಆ ವೈದ್ಯರು, ಪಾಠ ಒಪ್ಪಿಸುವ ಹಾಗೆ, ತಾವು ಅಂದು ಕೊಟ್ಟ ಮದ್ದಿನ ಪ್ರಮಾಣ, ಕೊಟ್ಟ ನಿಮಿಷ, ಗಂಟಲಿನ ನಳಿಗೆ ತೆಗೆದ ನಿಮಿಷ ಎಲ್ಲವನ್ನೂ ಹೇಳಿದರು. "ದಿನಾ ಹೇಳ್ಕೋತೀನಿ. ಎಲ್ಲಿ ತಪ್ಪಿದೆ ಅಂತ ಇವತ್ತಿನ ತನಕ ಸಿಕ್ಕಿಲ್ಲ."

"ಪ್ರಮಾಣ ಸರಿಯಾಗೇ ಇದೆ ಡಾಕ್ಟ್ರೇ," ಎಂದರು ಕಿಣ್ವಮ್ಮ. "ಮದ್ದಿನಲ್ಲಿ ತಪ್ಪಿಲ್ಲ."

"ನಳಿಗೆ?"

ಸುಳ್ಳು ಸಮಾಧಾನ ಹೇಳಲು ಅವರ ನಾಲಗೆ ಏಳಲಿಲ್ಲ. "ನಳಿಗೆ ಬೇಗ ತೆಗೆದ್ರಿ. ಅವರು ಉಸಿರಾಡ್ತಿದ್ರು, ಸಾಕು ಅಂದ್ಕೊಂಡ್ರಿ. ಆ ಉಸಿರು ಮೇಲುಮೇಲಿಂದು ಅಂತ ಕಂಡುಹಿಡಿಯೋಕೆ ಆ ಪುಟ್ಟ ಆಸ್ಪತ್ರೇಲಿ ಏನೂ ಇರ್ಲಿಲ್ಲ. ಇನ್ಯಾರಾದ್ರೂ ಅಲ್ಲಿದ್ದಿದ್ರೂ ತೆಗೀತಿದ್ರು. ನಾನಂತೂ ಎಲ್ಲ ಉಪಕರಣ ಇಟ್ಕೊಂಡು, ಕಣ್ಣೆದುರಿಗಿದ್ದದ್ದನ್ನ ತಪ್ಪು ಅಂತ ಬರೆದವಳು."

ಅವರು ಅಂಗಿಯ ತೋಳು ಮಡಚಿ ಕೈ ಚಾಚಿದರು. "ನನ್ನ ರಕ್ತವನ್ನೂ ನೋಡಿ." ಅವರ ನಳಿಕೆ ಅರ್ಧ ಹಳದಿಯಾಯಿತು, ಕೊರತೆಯ ಒಂದು ಪಾಲನ್ನು ಅವರೂ ಹೊತ್ತಿದ್ದರು.

ತಂದೆಗೆ ಈ ಸುದ್ದಿ ಹೇಳಿದಾಗ ಅವರು ಮೊದಲು ನಂಬಲೇ ಇಲ್ಲ. ತಮ್ಮ ರಕ್ತವೂ ಅರ್ಧದಷ್ಟೇ ಹಳದಿಯಾದುದನ್ನು ಕಣ್ಣಾರೆ ಕಂಡ ಮೇಲೆ, "ಅಂದ್ರೆ ಮಕ್ಕಳಿಗೆ ಇದನ್ನ ನಾನೂ ಕೊಟ್ಟಿದೀನಾ?" ಎಂದಷ್ಟೇ ಕೇಳಿ ಮೆಟ್ಟಿಲ ಮೇಲೆ ಕೂತರು. ಹನ್ನೊಂದು ವರ್ಷ ಬೇರೊಬ್ಬರ ಮೇಲೆ ಹೊರಿಸಿದ್ದು, ಹೊರಿಸಿದ್ದರಿಂದಲೇ ಡಾಕ್ಟರಿಗೆ ಹೇಳದೆ ಉಳಿದದ್ದು, ಹೇಳದ್ದರಿಂದ ಮಗಳ ಜೀವಕ್ಕೆ ಬಂದದ್ದು, ಎಲ್ಲ ಒಂದೇ ಸಲಕ್ಕೆ ಎದೆಗೆ ಬಂದು ಬಡಿದಿರಬೇಕು. ಮೂರನೆಯ ವಾರ ಅವರು ಒಬ್ಬರೇ ಬಸ್ಸಿನಲ್ಲಿ ಹೋಗಿ ಕನ್ನಡಕದ ಅಂಗಡಿಯ ಮುಂದೆ ಇಳಿದರು.

ಅಂಗಡಿಯ ಕೆಲಸದವಳು ಆ ದಿನವನ್ನು ಹೀಗೆ ನೆನೆಯುತ್ತಾಳೆ. ಬಂದವರು ಸೀದಾ ಕತ್ತಲ ಕೋಣೆಯ ಕುರ್ಚಿಯಲ್ಲಿ ಕೂತು, "ಕಣ್ಣು ಮಂಜಾಗಿದೆ. ನೋಡ್ತೀಯಾ?" ಎಂದರು. ಡಾಕ್ಟರು ಗಾಜಿನ ಚೌಕಟ್ಟನ್ನು ಅವರ ಕಿವಿಗೇರಿಸಿದರು. "ಯಾವಾಗಿಂದ ಕಾಣ್ತಿಲ್ಲ ಭಾವ?" ಎಂದರು. "ಹನ್ನೊಂದು ವರ್ಷ ಆಯ್ತು ಕಣಯ್ಯ," ಎಂದರು ಬಂದವರು. ಆಮೇಲೆ ಕೋಣೆಯಿಂದ ಕೇಳಿಬಂದದ್ದು ಮಾತಲ್ಲವಾದ್ದರಿಂದ ಕೆಲಸದವಳು ಅಂಗಡಿಯ ಬಾಗಿಲನ್ನು ಎಳೆದುಕೊಂಡು ಹೊರಗೆ ನಿಂತಳು.

ಮಾವ ಮತ್ತೆ ಅರಿವಳಿಕೆಗೆ ಮರಳಲಿಲ್ಲ. ಎಲ್ಲವೂ ಮೊದಲಿನಂತಾಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ, ಕಿಣ್ವಮ್ಮ ಅದನ್ನು ಹೊಡೆದುಹಾಕುತ್ತಾರೆ. ಆದರೆ ಅಕ್ಕನ ಮದುವೆಯಲ್ಲಿ ಸೋದರಮಾವನ ಜಾಗ ಖಾಲಿ ಇರಲಿಲ್ಲ.

ಮುಂದಿನ ವರ್ಷಗಳಲ್ಲಿ ಕಿಣ್ವಮ್ಮ ವಿಭಾಗದ ಮುಖ್ಯಸ್ಥೆಯಾದರು, ಆ ಉದ್ದ ಕೋಣೆ ನಾಲ್ಕಾಯಿತು, ಹೊಸ ಯಂತ್ರಗಳು ಬಂದವು. ಆಸ್ಪತ್ರೆಯವರೊಡನೆ ಮಾತಾಡಿ, ಶಸ್ತ್ರಚಿಕಿತ್ಸೆಗೆ ಮುನ್ನ ತುಂಬುವ ಅರ್ಜಿಯಲ್ಲಿ 'ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿತ್ತೇ? ಕಾರಣ ಏನೆಂದು ನೀವು ನಂಬಿದ್ದರೂ ಸರಿ, ತಿಳಿಸಿ' ಎಂಬ ಸಾಲನ್ನು ಸೇರಿಸಿದರು. ಆ ಎರಡನೆಯ ವಾಕ್ಯಕ್ಕಾಗಿ ಅವರು ಮೂರು ಸಭೆಗಳಲ್ಲಿ ಜಗಳವಾಡಿದ್ದನ್ನು ಬಲ್ಲವರು ಬಲ್ಲರು. ಕಿಣ್ವದ ಕೊರತೆಯುಳ್ಳವರಿಗೆ ಕಿಸೆಯಲ್ಲಿಟ್ಟುಕೊಳ್ಳುವ ಒಂದು ಚಿಕ್ಕ ಕಾರ್ಡು ಮಾಡಿಸಿದರು; ಅದರ ಮೇಲಿನ ಅಕ್ಷರ ಯಾರದ್ದೆಂದು ನೋಡಿದೊಡನೆ ಗೊತ್ತಾಗುತ್ತದೆ, ಅಷ್ಟು ದುಂಡಗಿದೆ. ಆ ಹುಡುಗಿ ಇಂದು ಅದೇ ಆಸ್ಪತ್ರೆಯ ಪ್ರಯೋಗಾಲಯವನ್ನು ನಡೆಸುತ್ತಾಳೆ. ಅಂದು ಚೀಲ ಒತ್ತಿದ ಯುವ ವೈದ್ಯ ತಲೆ ನರೆತು ಹಿರಿಯರಾಗಿದ್ದಾರೆ. ಪ್ರತಿ ವರ್ಷ ಹೊಸ ವೈದ್ಯರನ್ನು ಕರೆತಂದು ಕಿಣ್ವಮ್ಮನವರ ಎದುರಿಗೆ ಕೂರಿಸುತ್ತಾರೆ.

ಬೀಳ್ಕೊಡುಗೆಯ ಮಾತು ಬಂದಾಗ ಕಿಣ್ವಮ್ಮ ಡೈರಿ ತೆಗೆದು, ನಾವು ಗೊತ್ತುಮಾಡಿದ ದಿನಾಂಕ ಬೇಡ ಎಂದರು. ಅಂದು ಅವರಿಗೆ ಆಸ್ಪತ್ರೆಯಲ್ಲಿ ಕೆಲಸವಿದೆ. ಅಕ್ಕನ ಮಗಳಿಗೆ ಕಳೆದ ವಾರ ಗಂಡುಮಗು ಹುಟ್ಟಿದೆ, ಆ ಮನೆತನದಲ್ಲಿ ಅವರು ರಕ್ತ ಪರೀಕ್ಷಿಸಬೇಕಾದ ನಲವತ್ತಮೂರನೆಯ ಜೀವ ಅದು. ತಾಯಿ ತೊಟ್ಟಿಲಿನ ಪಕ್ಕ ಕೂತು ಮೇಡಂ ಅವರನ್ನೇ ಕಾಯುತ್ತಿದ್ದಾಳಂತೆ. ಹಾಗಾಗಿ ಸಮಾರಂಭವನ್ನು ಎರಡು ದಿನ ಮುಂದಕ್ಕೆ ಹಾಕಿದ್ದೇವೆ. ಹಾರ, ಫಲಕ, ಭಾಷಣಗಳು ಕಾಯಲಿ. ಆ ಮನೆತನ ಇನ್ನೂ ಬೆಳೆಯಲಿ, ತೊಟ್ಟಿಲುಗಳು ತುಂಬುತ್ತಿರಲಿ, ಪ್ರತಿ ಹೊಸ ಜೀವದ ಬಳಿಗೂ ಕಿಣ್ವಮ್ಮ ತಮ್ಮ ಪುಟ್ಟ ಪೆಟ್ಟಿಗೆ ಹಿಡಿದು ನಡೆದುಹೋಗುವಷ್ಟು ಆಯಸ್ಸನ್ನೂ ಕಾಲುಗಳಲ್ಲಿ ಬಲವನ್ನೂ ಪಡೆಯಲಿ ಎಂಬುದೇ ನಮ್ಮೆಲ್ಲರ ಹಾರೈಕೆ.